ಗುಂಟೆಯಿಂದ ಗಜದವರೆಗೆ: ಹಳೆಯ ಅಳತೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಮೀನಿನ ಹಳೆಯ ಕಾಗದ ಹಿಡಿದುಕೊಂಡು ಬರುವವರು, ಸೀರೆ ಅಂಗಡಿಯವರು, ನೇಕಾರರ ಮನೆಯ ಹುಡುಗರು, ಊರಿನ ಇತಿಹಾಸ ಬರೆಯಲು ಕುಳಿತವರು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಸುಲಭವಾದವು ಮೊದಲು, ತಲೆನೋವಿನವು ಕೊನೆಗೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಮೊದಲ ಪಾಠ

ಗೇಣು, ಮೊಳ, ಮಾರು ಅಂದ್ರೆ ಇಂಚಿನಲ್ಲಿ ಎಷ್ಟು?

ರೂಢಿಯ ಲೆಕ್ಕದಲ್ಲಿ ಗೇಣು 9 ಇಂಚು, ಮೊಳ 18 ಇಂಚು, ಮಾರು 6 ಅಡಿ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಮೆಟ್ರಿಕ್‌ನಲ್ಲಿ ಮೊಳ 45.72 ಸೆಂ.ಮೀ., ಮಾರು 1.83 ಮೀಟರ್ ಆಗುತ್ತದೆ.

ಇದು ಕಾಗದದ ಮೇಲಿನ ಮೊಳ. ಹೂ ಮಾರುವವರ ಮೊಳ ಅವರವರ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಹಾಗಾಗಿ ಸಂತೆಯಲ್ಲಿ ಉದ್ದ ಕೈಯವರನ್ನು ಹುಡುಕಿಕೊಂಡು ಹೋಗುವುದರಲ್ಲಿ ತಪ್ಪೇನೂ ಇಲ್ಲ. ದಸ್ತಾವೇಜಿನಲ್ಲಿ ಮೊಳ ಎಂದಿದ್ದರೆ 18 ಇಂಚು ಹಿಡಿದು ಲೆಕ್ಕ ಶುರುಮಾಡಿ. ಆದರೆ ಅದನ್ನೇ ಅಂತಿಮ ಎಂದುಕೊಳ್ಳಬೇಡಿ.

ಅಂಗುಲ ಅಂದ್ರೆ ಇಂಚೇ ಅಲ್ವಾ?

ಈಗಿನ ಬರಹದಲ್ಲಿ ಹೌದು. ಹಳೆಯದರಲ್ಲಿ ಅಲ್ಲ. ಹಳೆಯ ಲೆಕ್ಕದಲ್ಲಿ 24 ಅಂಗುಲಕ್ಕೆ ಒಂದು ಮೊಳ. ಮೊಳಕ್ಕೆ 18 ಇಂಚು ಹಿಡಿದರೆ ಅಂಗುಲಕ್ಕೆ ಬರುವುದು ಮುಕ್ಕಾಲು ಇಂಚು, ಅಂದರೆ ಸುಮಾರು 1.9 ಸೆಂ.ಮೀ. ವಾಸ್ತು, ಶಿಲ್ಪ, ದೇವಾಲಯದ ವಿವರ ಓದುವಾಗ ಅಂಗುಲವನ್ನು ನೇರವಾಗಿ ಇಂಚು ಮಾಡಿದರೆ ಗರ್ಭಗುಡಿ ಮೂರನೇ ಒಂದರಷ್ಟು ಬೆಳೆದುಬಿಡುತ್ತದೆ.

ಗಜ, ವಾರ, ಯಾರ್ಡ್ ಮೂರೂ ಒಂದೇನಾ?

ಇವತ್ತಿನ ಬಟ್ಟೆ ಅಂಗಡಿಯಲ್ಲಿ ಮೂರೂ ಒಂದೇ: 3 ಅಡಿ, 36 ಇಂಚು, 91.44 ಸೆಂ.ಮೀ. 1959ರಲ್ಲಿ ಹಲವು ದೇಶಗಳು ಒಪ್ಪಿಕೊಂಡ ಯಾರ್ಡ್ ಕೂಡ ಕರಾರುವಾಕ್ಕಾಗಿ 0.9144 ಮೀಟರೇ. ವಾರ ಎನ್ನುವ ಮಾತು ಉತ್ತರ ಕರ್ನಾಟಕದ ಕಡೆ ಹೆಚ್ಚು.

ನೂರೈವತ್ತು ವರ್ಷ ಹಿಂದಕ್ಕೆ ಹೋದರೆ ಗಜ ಹೀಗೆ ಮಾತು ಕೇಳುವುದಿಲ್ಲ. ಬಂಗಾಳದ ಗಜ 36 ಇಂಚು, ಮದ್ರಾಸಿನದು 33, ಮುಂಬಯಿಯದು 27. ಹಳೆಯ ವ್ಯಾಪಾರದ ಪತ್ರದಲ್ಲಿ ನೂರು ಗಜ ಬಟ್ಟೆ ಎಂದಿದ್ದರೆ ಅದು ಬಂಗಾಳದ ಲೆಕ್ಕದಲ್ಲಿ 91 ಮೀಟರ್, ಮುಂಬಯಿಯ ಲೆಕ್ಕದಲ್ಲಿ 69 ಮೀಟರ್ ಕೂಡ ಇಲ್ಲ. ಹಳೆಯ ಗಜ ಎದುರಾದರೆ ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಅದು ಯಾವ ಊರಿನದು, ಯಾವ ಕಾಲದ್ದು, ಯಾವ ಕಸುಬಿನದು ಎಂದು ನೋಡಿ. ಮುಂದಿನ ಅರ್ಧದಷ್ಟು ಉತ್ತರಗಳಲ್ಲೂ ಇದೇ ಮೂರು ಪ್ರಶ್ನೆ ಬರುತ್ತದೆ.

ಒಂದು ಗಜ ಮೂರು ಅಡಿ ಅಂದ್ಮೇಲೆ ಚದರ ಗಜ ಮೂರು ಚದರ ಅಡಿ ಆಗ್ಬೇಕಲ್ವಾ?

ಇಲ್ಲ, ಒಂಬತ್ತು. ಉದ್ದವೂ ಮೂರು ಪಟ್ಟು, ಅಗಲವೂ ಮೂರು ಪಟ್ಟು. ಹೈದರಾಬಾದಿನ ಕಡೆ ನಿವೇಶನವನ್ನು ಚದರ ಗಜದಲ್ಲೇ ಮಾರುತ್ತಾರೆ. ಬೆಂಗಳೂರಿನ 30×40 ಸೈಟನ್ನು ಅಲ್ಲಿಯವರಿಗೆ ಹೇಳಬೇಕೆಂದರೆ 1200ನ್ನು 9ರಿಂದ ಭಾಗಿಸಿ, 133 ಚದರ ಗಜ ಎನ್ನಿ.

ಇದರ ಜೊತೆಗೆ ಬೆಂಗಳೂರು, ಮೈಸೂರಿನ ಕಟ್ಟಡದ ಮೇಸ್ತ್ರಿಗಳು ಬರಿ ‘ಚದರ’ ಎಂದರೆ ಅದು 100 ಚದರ ಅಡಿ. ‘ಹತ್ತು ಚದರದ ಮನೆ’ ಅಂದರೆ ಸಾವಿರ ಚದರ ಅಡಿಯ ಮನೆ. ಹೊರ ರಾಜ್ಯದಿಂದ ಬಂದವರು ಇದನ್ನು ಕೇಳಿ ಗಾಬರಿಯಾಗುವುದು ಸಹಜ.

## ಜಮೀನು

ಗುಂಟೆಗೆ 1089 ಚದರ ಅಡಿ ಅಂತಾರೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು?

33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಗುಂಟೆ. ಗುಣಿಸಿದರೆ 1089. ಅಂಥ ನಲವತ್ತು ಚೌಕ ಸೇರಿದರೆ 43,560 ಚದರ ಅಡಿ, ಅಂದರೆ ಒಂದು ಎಕರೆ.

33 ಬಂದದ್ದು ಇಂಗ್ಲೆಂಡಿನಿಂದ. 1620ರ ಸುಮಾರಿಗೆ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ 66 ಅಡಿಯ, ನೂರು ಕೊಂಡಿಗಳ ಸರಪಳಿಯೊಂದನ್ನು ಜಮೀನಿನ ಅಳತೆಗೆಂದು ಜಾರಿಗೆ ತಂದ. ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದದ ಪಟ್ಟಿಗೆ ಸರಿಯಾಗಿ ಒಂದು ಎಕರೆ. ಎಕರೆಯ ಅಡ್ಡಾದಿಡ್ಡಿ ಲೆಕ್ಕವನ್ನು ಹತ್ತರ ಲೆಕ್ಕಕ್ಕೆ ಇಳಿಸಿದ್ದು ಅವನ ಜಾಣ್ಮೆ. ಹತ್ತು ಸರಪಳಿಗೆ ಒಂದು ಫರ್ಲಾಂಗು, ಎಂಬತ್ತಕ್ಕೆ ಒಂದು ಮೈಲಿ. ಕ್ರಿಕೆಟ್ ಪಿಚ್ಚಿನ 22 ಗಜವೂ ಇದೇ 66 ಅಡಿ. ಮುಂಬಯಿ ಪ್ರಾಂತ್ಯದ ಸರ್ವೆಯವರು ಈ ಸರಪಳಿಯ ಅರ್ಧವನ್ನು, ಅಂದರೆ 33 ಅಡಿಯನ್ನು ಹಿಡಿದು ಕೆಲಸ ಮಾಡಿದರು. 1863ರಲ್ಲಿ ಮೈಸೂರು ಸೀಮೆಯಲ್ಲಿ ಕಂದಾಯದ ಸರ್ವೆ ಶುರುವಾದಾಗ ಮುಂಬಯಿಯ ಪದ್ಧತಿಯೇ ಇಲ್ಲಿಗೂ ಬಂತು. ಹೀಗೆ ಬೆಳಗಾವಿ, ಧಾರವಾಡದ ಗುಂಟೆಯೂ ಮಂಡ್ಯ, ಹಾಸನದ ಗುಂಟೆಯೂ ಒಂದೇ ಆದವು.

ಮೆಟ್ರಿಕ್‌ನಲ್ಲಿ ಗುಂಟೆ 101.17 ಚದರ ಮೀಟರ್. ಬಾಯಿಲೆಕ್ಕಕ್ಕೆ ನೂರು ಎಂದು ಹಿಡಿದರೆ ಶೇಕಡಾ ಒಂದರಷ್ಟು ಮಾತ್ರ ವ್ಯತ್ಯಾಸ. ಒಂದು ಹೆಕ್ಟೇರಿಗೆ 98.84 ಗುಂಟೆ, ಅಂದರೆ 2 ಎಕರೆ 19 ಗುಂಟೆಗೆ ಚೂರು ಕಡಿಮೆ.

ಪಹಣಿಯಲ್ಲಿ 2.20 ಅಂತ ಇದೆ. ಅದು ಎರಡೂಕಾಲಿಗೆ ಹತ್ತಿರ ಅಲ್ವಾ? ಬ್ರೋಕರ್ ಎರಡೂವರೆ ಎಕರೆ ಅಂತಿದಾನೆ.

ಈ ಸಲ ಬ್ರೋಕರ್ ಹೇಳಿದ್ದು ಸರಿ. ಪಹಣಿಯಲ್ಲಿ ಚುಕ್ಕಿಯ ಬಲಕ್ಕಿರುವುದು ದಶಾಂಶವಲ್ಲ, ಗುಂಟೆ. 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಗುಂಟೆಯ ಅಂಕಿ 39 ದಾಟುವುದಿಲ್ಲ. ನಲವತ್ತಾದ ಕೂಡಲೇ ಅದು ಇನ್ನೊಂದು ಎಕರೆ.

ಇದೇ 2.20 ಎಂಬ ಅಂಕಿ ದಕ್ಷಿಣ ಕನ್ನಡದ ಹಳೆಯ ಕಾಗದದಲ್ಲಿ ಸಿಕ್ಕರೆ ಅರ್ಥವೇ ಬೇರೆ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಇವೆಲ್ಲ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಲ್ಲಿಯ ಲೆಕ್ಕ ಎಕರೆ ಮತ್ತು ಸೆಂಟ್ಸ್. ನೂರು ಸೆಂಟ್ಸಿಗೆ ಒಂದು ಎಕರೆ. ಆಗ 2.20 ಎಂದರೆ 2 ಎಕರೆ 20 ಸೆಂಟ್ಸ್, ಗುಂಟೆಗೆ ತಂದರೆ 2 ಎಕರೆ 8 ಗುಂಟೆ. ಎರಡು ಓದಿಗೂ ನಡುವೆ ಹನ್ನೆರಡು ಗುಂಟೆಯ ಅಂತರ, ಅಂದರೆ 13,068 ಚದರ ಅಡಿ. 30×40ರ ಸೈಟು ಹತ್ತು ಕೂರುವಷ್ಟು ಜಾಗ. ಎಕ್ಸೆಲ್‌ಗೆ ಹಾಕುವವರು ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ ಬೇರೆ ಬೇರೆ ಇಡಿ. ಒಂದೇ ಕಾಲಂನಲ್ಲಿ ಹಾಕಿ ಮೊತ್ತ ಕೂಡಿದರೆ ಕುಟುಂಬದ ಪಾಲುಪಟ್ಟಿಯಲ್ಲಿ ಜಗಳ ಖಂಡಿತ.

ಸೆಂಟ್ಸು, ಗುಂಟೆ, ಗ್ರೌಂಡು: ಒಂದರಿಂದ ಇನ್ನೊಂದಕ್ಕೆ ಬಾಯಲ್ಲೇ ಲೆಕ್ಕ ಹಾಕೋದು ಹೇಗೆ?

ಗುಂಟೆಗೆ ಎರಡೂವರೆ ಸೆಂಟ್ಸ್. ಇದೊಂದು ನೆನಪಿದ್ದರೆ ಸಾಕು. ಸೆಂಟ್ಸ್ ಎಂದರೆ 435.6 ಚದರ ಅಡಿ. ಮಂಗಳೂರಿನಲ್ಲಿ ಐದು ಸೆಂಟ್ಸಿನ ಜಾಗ ಎಂದರೆ ಎರಡು ಗುಂಟೆ, 2178 ಚದರ ಅಡಿ. ಚೆನ್ನೈಯ ಗ್ರೌಂಡ್ 2400 ಚದರ ಅಡಿ, ಐದೂವರೆ ಸೆಂಟ್ಸ್. ಅದು ಎಕರೆಗೆ ಸರಿಯಾಗಿ ಹೊಂದುವುದಿಲ್ಲ, ಹೊಂದಿಸಲು ಹೋಗಬೇಡಿ.

ಹಳೇ ಸರ್ವೆ ಟಿಪ್ಪಣಿ ನಕಲು ತೆಗೆಸಿದ್ದೀನಿ. ಗಡಿಯ ಮೇಲೆ 5-8 ಅಂತ ಬರೆದಿದೆ. ಐದು ಅಡಿ ಎಂಟು ಇಂಚಾ?

ಅಷ್ಟು ಸಣ್ಣ ಹೊಲ ಇರಲಾರದು! ಅದು 5 ಸರಪಳಿ 8 ಆಣೆ. 33 ಅಡಿಯ ಸರಪಳಿಯನ್ನು ಹಳೆಯ ರೂಪಾಯಿಯಂತೆ ಹದಿನಾರು ಆಣೆಯಾಗಿ ಭಾಗ ಮಾಡಿದ್ದರು. ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಇಂಚು. ಎಂಟಾಣೆ ಎಂದರೆ ಅರ್ಧ ಸರಪಳಿ. ಆಗ 5-8 ಎಂದರೆ ಐದೂವರೆ ಸರಪಳಿ, 181.5 ಅಡಿ, 55.32 ಮೀಟರ್.

ಆಣೆ ವಿಸ್ತೀರ್ಣಕ್ಕೂ ಬಳಕೆಯಲ್ಲಿದೆ. ಗುಂಟೆಯ ಹದಿನಾರನೇ ಒಂದು ಭಾಗ, 68 ಚದರ ಅಡಿ. ಟಿಪ್ಪಣಿಯ ಗೆರೆಯ ಮೇಲೆ ಬರೆದ ಆಣೆ ಉದ್ದದ್ದು, ಪಹಣಿಯ ವಿಸ್ತೀರ್ಣದ ಕೊನೆಯಲ್ಲಿ ಬರುವ ಆಣೆ ಜಾಗದ್ದು. ಒಂದನ್ನು ಇನ್ನೊಂದರ ಜಾಗಕ್ಕೆ ತಂದರೆ ಲೆಕ್ಕ ಕೂಡುವುದೇ ಇಲ್ಲ.

ಮದ್ರಾಸ್ ಪದ್ಧತಿಯ ನಕ್ಷೆಯಾದರೆ ಸರಪಳಿ 66 ಅಡಿಯದು, ಅಂಕಿಗಳು ಲಿಂಕಿನಲ್ಲಿರುತ್ತವೆ. ಲಿಂಕಿಗೆ 7.92 ಇಂಚು. ಮೇಲಿನ 181.5 ಅಡಿಯೇ ಅಲ್ಲಿ 275 ಲಿಂಕು ಎಂದು ಬರುತ್ತದೆ. ಸಾವಿರ ಚದರ ಲಿಂಕಿಗೆ ಒಂದು ಸೆಂಟ್ಸ್ ಆಗುವುದರಿಂದ ವಿಸ್ತೀರ್ಣ ತೆಗೆಯುವುದು ಸಲೀಸು.

ಹೊಲ ನಾಲ್ಕು ಮೂಲೆಯದ್ದು. ಎದುರುಬದುರು ಬದುಗಳ ಸರಾಸರಿ ತೆಗೆದು ಗುಣಿಸಿದ್ರೆ ಸಾಕಲ್ವಾ?

ಹಳ್ಳಿಯಲ್ಲಿ ಹೀಗೆ ಅಳೆಯುವುದು ಸಾಮಾನ್ಯ. ಆದರೆ ನಾಲ್ಕೂ ಮೂಲೆ ಮಟ್ಟಸವಾಗಿ 90 ಡಿಗ್ರಿ ಇದ್ದರೆ ಮಾತ್ರ ಈ ಲೆಕ್ಕ ಸರಿ. ಉಳಿದೆಲ್ಲ ಕಡೆ ಇದು ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ, ಕಡಿಮೆ ಎಂದೂ ತೋರಿಸುವುದಿಲ್ಲ. ಮಾರುವವರು ಈ ವಿಧಾನವನ್ನೇ ಇಷ್ಟಪಡುವುದು ಸುಮ್ಮನೆ ಅಲ್ಲ.

ನಾಲ್ಕೂ ಬದು 132 ಅಡಿ, ಅಂದರೆ 33 ಅಡಿಯ ನಾಲ್ಕು ನಾಲ್ಕು ಸರಪಳಿ ಇವೆ ಎಂದುಕೊಳ್ಳಿ. ಸರಾಸರಿಯ ಲೆಕ್ಕಕ್ಕೆ 16 ಗುಂಟೆ ಬರುತ್ತದೆ. ಆದರೆ ಹೊಲ ವಾಲಿಕೊಂಡು ಒಂದು ಮೂಲೆ 60 ಡಿಗ್ರಿ ಇದ್ದರೆ ನಿಜವಾದ ಜಾಗ 13.86 ಗುಂಟೆ ಮಾತ್ರ. ಎರಡು ಗುಂಟೆಗೂ ಮಿಕ್ಕಿ ಗಾಳಿಯನ್ನು ಕೊಂಡಂತಾಯಿತು. ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದು ಹೊಲವನ್ನು ಎರಡು ತ್ರಿಕೋನ ಮಾಡಿ. ಉಳಿದ ಎರಡು ಮೂಲೆಯಿಂದ ಆ ಗೆರೆಗೆ ನೇರ ಲಂಬ ಅಳೆಯಿರಿ. ಗೆರೆಯ ಉದ್ದವನ್ನು ಎರಡು ಲಂಬಗಳ ಮೊತ್ತದಿಂದ ಗುಣಿಸಿ ಅರ್ಧ ಮಾಡಿ. ಸರ್ವೇಯರ್ ಮಾಡುವುದೂ ಮೂಲದಲ್ಲಿ ಇದನ್ನೇ.

ಮುತ್ತಜ್ಜನ ಕ್ರಯಪತ್ರದಲ್ಲಿ ‘ಪೂರ್ವ ಪಶ್ಚಿಮ 40 ಮೊಳ’ ಅಂತಿದೆ. ಈಗ ಅಳೆದರೆ 57 ಅಡಿ ಬರ್ತಿದೆ. ಪಕ್ಕದವರು ಒತ್ತುವರಿ ಮಾಡಿದ್ದಾರಾ?

18 ಇಂಚಿನ ಮೊಳದಲ್ಲಿ 60 ಅಡಿ ಬರಬೇಕಿತ್ತು, ನಿಜ. ಆದರೆ ಅಂದು ಅಳೆದವರ ಮೊಳ 17 ಇಂಚಿನ ಆಸುಪಾಸು ಇದ್ದಿದ್ದರೆ 57 ಅಡಿಯೇ ಸರಿ. ಮೂರು ಅಡಿಗಾಗಿ ಪಕ್ಕದವರ ಮೇಲೆ ಕಣ್ಣು ಕೆಂಪಗೆ ಮಾಡುವ ಮೊದಲು ಉತ್ತರ ದಕ್ಷಿಣದ ಅಳತೆಯನ್ನೂ ನೋಡಿ. ಅದೂ ಅದೇ ಪ್ರಮಾಣದಲ್ಲಿ ಕಡಿಮೆ ಬಂದರೆ ಮೊಳವೇ ಗಿಡ್ಡ. ಒಂದು ದಿಕ್ಕಿನಲ್ಲಿ ಮಾತ್ರ ಕಡಿಮೆ ಬಂದರೆ ಆಗ ವಿಚಾರಿಸಬೇಕಾದ್ದೇ.

ಜೊತೆಗೆ ಚೆಕ್ಕುಬಂದಿ ಓದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಗೋಡೆ ಎಂದು ಸ್ಪಷ್ಟವಾಗಿದ್ದರೆ, ಅಳತೆಗೂ ಚೆಕ್ಕುಬಂದಿಗೂ ತಾಳೆಯಾಗದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಹೆಚ್ಚು ಬೆಲೆ ಕೊಡುವುದು ಚೆಕ್ಕುಬಂದಿಗೇ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಗುರುತಿಸಿಕೊಳ್ಳಲು, ಅರ್ಜಿ ಹಾಕಿಸಿ.

ನಮ್ಮ ಕಡೆ ಹಿರಿಯರು ಕೂರಿಗೆ, ಖಂಡುಗದ ಲೆಕ್ಕದಲ್ಲಿ ಹೊಲ ಹೇಳ್ತಾರೆ. ಅದನ್ನ ಎಕರೆಗೆ ತರೋದು ಹೇಗೆ?

ಊರಿನ ಹೊರಗೆ ನಡೆಯುವ ಸೂತ್ರ ಅದಕ್ಕಿಲ್ಲ. ಖಂಡುಗ, ಕೊಳಗ ಎಂದರೆ ಅಷ್ಟು ಬೀಜ ಹಿಡಿಯುವ ನೆಲ. ಕೂರಿಗೆ ಎಂದರೆ ಒಂದು ಕೂರಿಗೆ (ಬೀಜ ಬಿತ್ತುವ ಸಾಧನ) ಬಿತ್ತುವಷ್ಟು ನೆಲ. ಗದ್ದೆಗೊಂದು, ಬೆದ್ದಲಿಗೊಂದು, ಎರೆಮಣ್ಣಿಗೊಂದು. ನಿಮ್ಮ ಊರಿನದೇ ಒಂದು ಹಳೆಯ ಹೊಲ, ಈಗ ಪಹಣಿ ಇರುವಂಥದ್ದು, ಹಿಡಿದು ಹಿರಿಯರ ಲೆಕ್ಕವನ್ನು ಎಕರೆಯ ಪಕ್ಕ ಇಟ್ಟು ನೋಡಿ. ಸಿಗುವ ಅನುಪಾತ ನಿಮ್ಮ ಊರಿಗೆ, ಆ ಜಾತಿಯ ಮಣ್ಣಿಗೆ ಮಾತ್ರ.

## ಬಟ್ಟೆ ಮತ್ತು ನೂಲು

ಹದಿನೆಂಟು ಮೊಳದ ಸೀರೆ, ಒಂಬತ್ತು ಗಜದ ಸೀರೆ ಬೇರೆ ಬೇರೆನಾ?

ಒಂದೇ. ಎರಡು ಮೊಳಕ್ಕೆ ಒಂದು ಗಜ. ಹದಿನೆಂಟು ಮೊಳ ಎಂದರೆ 27 ಅಡಿ, 8.23 ಮೀಟರ್. ಇಳಕಲ್ ಸೀರೆ ಉಡುವ ಹಿರಿಯರು ಕೇಳುವ ಹದಿನಾರು ಮೊಳದ್ದು 7.32 ಮೀಟರ್. ಈಗಿನ ಆರು ಗಜದ ಸೀರೆ ಹನ್ನೆರಡು ಮೊಳ, ಅಂದರೆ 5.49 ಮೀಟರ್. ಅಂಗಡಿಯಲ್ಲಿ ಅದನ್ನು ಐದೂವರೆ ಮೀಟರ್ ಎನ್ನುತ್ತಾರೆ. ಕುಪ್ಪಸದ ತುಂಡು ಸೇರಿದರೆ 6.3 ಮೀಟರ್‌ವರೆಗೆ ಹೋಗುತ್ತದೆ. ಅಜ್ಜಿಗೆ ಕಚ್ಚೆ ಹಾಕಿ ಉಡಲು ಸೀರೆ ತರುವವರು ಈ 6.3ನ್ನು ನೋಡಿ ಮೋಸಹೋಗಬೇಡಿ. ಅದರಲ್ಲಿ ಸೀರೆಯ ಪಾಲು ಐದೂವರೆಯೇ.

ಎಂಟು ಮೊಳದ ಪಂಚೆಗೆ ಲೆಕ್ಕದ ಪ್ರಕಾರ 3.66 ಮೀಟರ್ ಬರಬೇಕು. ಮೊಳ ಈಗ ಹೆಸರಿಗಷ್ಟೇ ಉಳಿದಿರುವುದರಿಂದ ಚೀಟಿಯ ಮೇಲಿನ ಮೀಟರ್ ನೋಡಿ ಕೊಳ್ಳಿ.

ಟೈಲರ್ ಎರಡೂವರೆ ಗಜ ತನ್ನಿ ಅಂದ್ರು, ಅಂಗಡಿಯವರು ಮೀಟರ್‌ನಲ್ಲಿ ಕೊಡ್ತಾರೆ. ಎಷ್ಟು ಕೇಳಲಿ?

ಗಜವನ್ನು 0.91ರಿಂದ ಗುಣಿಸಿ. ಎರಡೂವರೆ ಗಜಕ್ಕೆ 2.29 ಮೀಟರ್, 2.30 ಕೇಳಿ. ಪನ್ನಾ, ಅಂದರೆ ಬಟ್ಟೆಯ ಅಗಲ, ಕೂಡ ವಿಚಾರಿಸಿ. 36 ಇಂಚಿನ ಪನ್ನಾಕ್ಕೆ ಹೇಳಿದ ಉದ್ದ 58 ಇಂಚಿನ ಪನ್ನಾಕ್ಕೆ ಬೇಕಿಲ್ಲ.

ಮನೆಯ ಟೇಪನ್ನೂ ಒಮ್ಮೆ ತಿರುಗಿಸಿ ನೋಡಿ. ಒಂದು ಬದಿಗೆ 60 ಇಂಚು, ಇನ್ನೊಂದು ಬದಿಗೆ 150 ಸೆಂ.ಮೀ. ಇರುತ್ತದೆ. ಆದರೆ 60 ಇಂಚು ಎಂದರೆ 152.4 ಸೆಂ.ಮೀ. ಒಳ್ಳೆಯ ಟೇಪಿನಲ್ಲಿ 150ರ ಗೆರೆ 59 ಇಂಚಿನ ಗೆರೆಯನ್ನು ಈಗಷ್ಟೇ ದಾಟಿದ ಜಾಗದಲ್ಲಿರುತ್ತದೆ. ಎರಡೂ ಒಂದೇ ಕಡೆ ಮುಗಿದರೆ ಒಂದು ಬದಿ ಸುಳ್ಳು ಹೇಳುತ್ತಿದೆ.

ರಾಷ್ಟ್ರಧ್ವಜ 21 ಅಡಿ ಅಂತಾರೆ, ಅಳತೆ ಪಟ್ಟಿಯಲ್ಲಿ 6300 ಮಿ.ಮೀ. ಇದೆ. ಎರಡೂ ತಾಳೆ ಆಗ್ತಿಲ್ಲ, ಯಾಕೆ?

ಚೆನ್ನಾಗಿ ಗಮನಿಸಿದ್ದೀರಿ. 21 ಅಡಿಯನ್ನು ಕರಾರುವಾಕ್ಕಾಗಿ ಪರಿವರ್ತಿಸಿದರೆ 6400.8 ಮಿ.ಮೀ. ಬರುತ್ತದೆ. ಅಧಿಕೃತ ಅಳತೆ 6300×4200. ಕೆಳಗಿನ ಗಾತ್ರಗಳನ್ನೂ ನೋಡಿ: 3600×2400, 2700×1800, 1800×1200, 900×600. ಪ್ರತಿ ಅಡಿಗೆ 300 ಮಿ.ಮೀ. ಎಂದು ಹಿಡಿದರೆ ಜನ ಹೇಳುವ 12×8, 9×6, 6×4, 3×2 ಅಡಿಗಳು ಸಾಲಾಗಿ ಹೊಂದಿಕೊಳ್ಳುತ್ತವೆ. ಅಡಿಗೆ 4.8 ಮಿ.ಮೀ. ಬಿಟ್ಟುಕೊಟ್ಟರೆ ಗುಂಡಾದ ಸಂಖ್ಯೆಯೂ ಸಿಗುತ್ತದೆ, 3:2ರ ಅನುಪಾತವೂ ಉಳಿಯುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವವರು ಹಿಡಿಯುವುದು ಈ ಮಿಲಿಮೀಟರನ್ನೇ. ಅಡಿ ಉಳಿದಿರುವುದು ನಮ್ಮ ಬಾಯಲ್ಲಿ.

ಹಳೆಯ ಅಳತೆಯನ್ನು ಮೆಟ್ರಿಕ್‌ಗೆ ತರುವಾಗ ಎರಡು ದಾರಿ ಇವೆ. ಇದ್ದದ್ದನ್ನು ಇದ್ದಂತೆ ಹೇಳುವುದು ಒಂದು, ಹೊಸ ಗುಂಡು ಅಳತೆ ಗೊತ್ತುಮಾಡುವುದು ಇನ್ನೊಂದು. ಜಮೀನಿನ ಕಾಗದಕ್ಕೆ ಮೊದಲನೆಯದೇ ಬೇಕು. ಬಟ್ಟೆಗೆ ಎರಡನೆಯದೂ ನಡೆಯುತ್ತದೆ.

ನೂಲಿನ 40 ಕೌಂಟ್, 60 ಕೌಂಟ್ ಅಂದ್ರೆ ಉದ್ದನಾ, ತೂಕನಾ?

ಒಂದು ಪೌಂಡ್ ತೂಕದಲ್ಲಿ ಎಷ್ಟು ಉದ್ದ ಇದೆ ಎನ್ನುವುದು. 840 ಗಜಕ್ಕೆ ಒಂದು ಹ್ಯಾಂಕು. ಒಂದು ಪೌಂಡ್ ಹತ್ತಿ ನೂಲಿನಲ್ಲಿ ಇಂಥ ನಲವತ್ತು ಹ್ಯಾಂಕು ಇದ್ದರೆ ಅದು 40 ಕೌಂಟ್. ಹಾಗಾಗಿ ಕೌಂಟ್ ಏರಿದಷ್ಟೂ ನೂಲು ಸಣ್ಣ. ರೇಷ್ಮೆಯ ಡೆನಿಯರ್ ಇದರ ತಿರುಗುಮುರುಗು: 9000 ಮೀಟರ್ ನೂಲಿಗೆ ಎಷ್ಟು ಗ್ರಾಂ ಎಂಬ ಲೆಕ್ಕ, ಸಂಖ್ಯೆ ಏರಿದಷ್ಟೂ ದಪ್ಪ. 5315ನ್ನು ಕೌಂಟಿನಿಂದ ಭಾಗಿಸಿದರೆ ಡೆನಿಯರ್ ಸಿಗುತ್ತದೆ. 40 ಕೌಂಟ್ ಸುಮಾರು 133 ಡೆನಿಯರ್.

ಒಂದು ಸೀರೆಯ ಹಾಸಿಗೆ (ಉದ್ದಕ್ಕೆ ಬರುವ ಎಳೆಗಳಿಗೆ) ಎಷ್ಟು ನೂಲು ಬೇಕು ಅಂತ ಲೆಕ್ಕ ಹಾಕಿ ತೋರಿಸ್ತೀರಾ?

46 ಇಂಚು ಪನ್ನಾ, ಇಂಚಿಗೆ 80 ಎಳೆ ಎಂದುಕೊಳ್ಳೋಣ. ಒಟ್ಟು 3680 ಎಳೆ. ಉದ್ದ 6.3 ಮೀಟರ್, ಅಂದರೆ 6.89 ಗಜ. ಗುಣಿಸಿದರೆ ಸುಮಾರು 25,350 ಗಜ. 840ರಿಂದ ಭಾಗಿಸಿದರೆ 30.2 ಹ್ಯಾಂಕು. 40 ಕೌಂಟ್ ನೂಲಾದರೆ ಮುಕ್ಕಾಲು ಪೌಂಡ್, ಹತ್ತಿರ ಹತ್ತಿರ 342 ಗ್ರಾಂ. ಒಂದೇ ಎಳೆಯಾಗಿ ಹರಡಿದರೆ 23 ಕಿ.ಮೀ.ಗೂ ಹೆಚ್ಚು, ಅದೂ ಹೊಕ್ಕು (ಅಡ್ಡಕ್ಕೆ ನೇಯುವ ನೂಲು) ಬಿಟ್ಟು.

ಮಗ್ಗದ ಮೇಲೆ ಇದಕ್ಕಿಂತ ಹೆಚ್ಚು ಬೇಕು. ಹೊಕ್ಕಿನ ಮೇಲೆ ಕೆಳಗೆ ಬಳುಕುವಾಗ ಹಾಸಿನ ಎಳೆ ಉದ್ದದಲ್ಲಿ ಕುಗ್ಗುತ್ತದೆ, ತುದಿಯಲ್ಲಿ ನೇಯಲಾಗದೆ ಉಳಿಯುವ ನೂಲೂ ಇರುತ್ತದೆ. ಅದು ಎಷ್ಟೆಂದು ನಿಮ್ಮ ಮಗ್ಗ, ನಿಮ್ಮ ನೂಲು ಹೇಳಬೇಕು. ಇನ್ನೊಂದು ಮಾತು: ಹಣಿಗೆಯ (ಹಾಸಿನ ಎಳೆಗಳು ಹಾದುಹೋಗುವ ಮಗ್ಗದ ಬಾಚಣಿಗೆಯ) ಮೇಲಿನ ನಂಬರನ್ನು ಇಂಚಿನ ಲೆಕ್ಕ ಎಂದುಕೊಳ್ಳಬೇಡಿ. ಸ್ಟಾಕ್‌ಪೋರ್ಟ್ ಪದ್ಧತಿಯಲ್ಲಿ ಅದು ಎರಡು ಇಂಚಿನಲ್ಲಿರುವ ಹಲ್ಲುಗಳ ಸಂಖ್ಯೆ. 80ರ ಹಣಿಗೆಗೆ ಇಂಚಿಗೆ 40 ಹಲ್ಲು, ಹಲ್ಲಿಗೆ ಎರಡು ಎಳೆ ಹೋದರೆ ಇಂಚಿಗೆ 80 ಎಳೆ.

## ಆಳಕ್ಕೆ ಇಳಿಯುವವರಿಗೆ

ಒಂದೇ ಕಾಲದಲ್ಲಿ, ಒಂದೇ ರಾಜ್ಯದಲ್ಲಿ ಜಮೀನಿಗೊಂದು ಅಳತೆ, ಬಟ್ಟೆಗೊಂದು ಅಳತೆ ಯಾಕೆ ಇಟ್ಕೊಂಡಿದ್ರು?

ಕಸುಬು ಬೇರೆ, ಅಳತೆಗೋಲೂ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಾಮಾನ್ಯ ಹಸ್ತಕ್ಕೆ, ಅಂದರೆ ಮೊಳಕ್ಕೆ, 24 ಅಂಗುಲ. ಆದರೆ ಗೋಮಾಳ ಅಳೆಯುವ ಹಸ್ತಕ್ಕೆ 28, ಬಡಗಿಯದಕ್ಕೆ 42, ಕಾಡಿನ ಮರಮಟ್ಟಿಗೆ 54. ಅಕ್ಬರನ ಕಾಲದಲ್ಲೂ ಬಟ್ಟೆಗೆ 46 ಬೆರಳಿನ ಗಜವಿತ್ತು. ಆಮೇಲೆ ಎಲ್ಲಕ್ಕೂ ಒಂದೇ ಇರಲೆಂದು 41 ಬೆರಳಿನ ಇಲಾಹಿ ಗಜ ತಂದ. ಬ್ರಿಟಿಷರು ಉತ್ತರ ಭಾರತದ ಜಮೀನಿನ ಲೆಕ್ಕಕ್ಕೆ ಅದನ್ನು 33 ಇಂಚು ಎಂದು ಗೊತ್ತುಮಾಡಿದರು. ಈ 33 ಇಂಚನ್ನು ನಮ್ಮ ಸರಪಳಿಯ 33 ಅಡಿಯ ಜೊತೆ ಬೆರೆಸಬೇಡಿ.

ಇಂಗ್ಲಿಷರ ಮನೆಯಲ್ಲೂ ಇದೇ ಕಥೆ. ಅವರ ಹೊಲಕ್ಕೆ 16.5 ಅಡಿಯ ಕೋಲು, ಬಟ್ಟೆಗೆ 45 ಇಂಚಿನ ಎಲ್. ಅದೇ ಎಲ್ ಕಡಲಾಚೆಯ ಫ್ಲಾಂಡರ್ಸಿನಲ್ಲಿ 27 ಇಂಚು. ಹಾಗಾಗಿ ಕಂಪನಿ ಕಾಲದ ಬಟ್ಟೆಯ ಲೆಕ್ಕ ಓದುವವರು ಯಾರ್ಡ್, ಎಲ್, ಗಜ, ಮೊಳ ನಾಲ್ಕಕ್ಕೂ ತಯಾರಾಗಿರಬೇಕು.

ಶಾಸನದಲ್ಲಿ ‘ಇಷ್ಟು ಮತ್ತರು ಗದ್ದೆ’ ಅಂತ ಬರುತ್ತೆ. ಎಕರೆಯಲ್ಲಿ ಎಷ್ಟು ಅಂತ ಬರೆಯಲಿ?

ಮತ್ತರು ಎಂದೇ ಬರೆಯಿರಿ. ನೂರು ಕಮ್ಮಕ್ಕೆ ಒಂದು ಮತ್ತರು ಎಂಬ ಒಳಲೆಕ್ಕ ಇದೆ, ಆದರೆ ಕಮ್ಮ ನಿಂತಿರುವುದು ಅಳೆದ ಗಳೆಯ, ಅಂದರೆ ಅಳತೆಗೋಲಿನ, ಮೇಲೆ. ಗಳೆ ಸೀಮೆಗೊಂದು, ಕೆಲವು ಸಲ ದೇವಸ್ಥಾನಕ್ಕೊಂದು. ಬಳ್ಳಿಗಾವಿಯ ಕಡೆಯ ಶಾಸನಗಳಲ್ಲಿ ಭೇರುಂಡ ಗಳೆ ಎಂದು ಹೆಸರಿಟ್ಟೇ ಹೇಳುವುದು ಅದಕ್ಕೇ. ಬರೆಸಿದವರಿಗೇ ಯಾವ ಕೋಲು ಎಂದು ಹೇಳದೆ ಗತಿ ಇರಲಿಲ್ಲ. ತಮಿಳುನಾಡಿನ ಕೆಲವು ದೇವಾಲಯಗಳ ಗೋಡೆಯ ಮೇಲೆ ಕೋಲಿನ ಉದ್ದವನ್ನೇ ಗೀರಿಟ್ಟಿದ್ದಾರೆ. ಅಂಥದ್ದು ಸಿಕ್ಕರೆ ಟೇಪು ಹಿಡಿದು ಲೆಕ್ಕ ಶುರುಮಾಡಬಹುದು.

ಹಾಗೆ ಸಿಗದಿದ್ದರೆ ಶಾಸನ ಹೇಳುವ ಎಲ್ಲೆಗಳನ್ನು ನೋಡಿ. ಕೆರೆಯ ತೂಬು, ನೆಟ್ಟ ಕಲ್ಲು, ಹಳ್ಳ ಇವುಗಳಲ್ಲಿ ಮೂರ್ನಾಲ್ಕು ಇವತ್ತಿಗೂ ಗುರುತು ಸಿಕ್ಕರೆ ಆ ತುಂಡನ್ನು ನಕ್ಷೆಯ ಮೇಲೆ ಅಳೆದು, ಆ ಊರಿನ ಮಟ್ಟಿಗೆ ಮತ್ತರಿಗೆ ಎಷ್ಟು ಎಂದು ಹೇಳಬಹುದು. ಪಕ್ಕದ ಊರಿನ ಶಾಸನಕ್ಕೆ ಆ ಸಂಖ್ಯೆ ಹಾಕುವ ಮೊದಲು ಅಲ್ಲಿಯೂ ಅದೇ ಗಳೆಯ ಹೆಸರು ಇದೆಯೇ ಎಂದು ನೋಡಿ.